ಮೀನಿನ ವ್ಯಾನಿನ ಬುಶ್

ಆಗುವುದಿಲ್ಲ ಎಂದವರು ನನ್ನ ಸೋದರಮಾವ. ಬೇರೆಯವರೂ ಅಂದಿರಬಹುದು, ಆದರೆ ಎದುರಿಗೆ ನಿಂತು ಅಂದವರು ಅವರೊಬ್ಬರೇ. 1997ರಲ್ಲಿ ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದೆ. ಅಂಗಳದಲ್ಲಿ ಕೂತು ಅತ್ತು ಮುಗಿಸಿದ ಮೇಲೆ, ಮತ್ತೆ ಕಟ್ಟುತ್ತೇನೆ, ಇಂಜಿನಿಯರೇ ಆಗುತ್ತೇನೆ ಎಂದು ಹಠಕ್ಕೆ ಹೇಳಿಬಿಟ್ಟೆ. ಮಾವ ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟರು.

"ನಮ್ ಮನಿಯಂಗೆ ಇಂಜಿನಿಯರ್ ಆಪ್ದಾ? ಸಮುದ್ರ ಬತ್ತಿ ಹೋದ್ರೂ ಆತಿಲ್ಲೆ ಮಗಾ."

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅಪ್ಪಯ್ಯ ನಾಲ್ಕನೇ ಕ್ಲಾಸು, ವರ್ಷದಲ್ಲಿ ಎಂಟು ತಿಂಗಳು ಬೋಟಿನಲ್ಲಿ. ಅಮ್ಮ, ಅಂದರೆ ನಾವು ಕರೆಯುವಂತೆ ಅಬ್ಬಿ, ಸಹಿ ಮಾಡಲು ಕಲಿತದ್ದೇ ನನ್ನ ಸ್ಲೇಟಿನ ಮೇಲೆ. ಮಾವ ಏಳನೇ ಕ್ಲಾಸಿನವರೆಗೆ ಹೋಗಿದ್ದರು, ಹಾಗಾಗಿ ಮನೆಗೆ ದೊಡ್ಡ ಓದಿದವರು ಅವರೇ. ಕೋಟೇಶ್ವರದಲ್ಲಿ ಹೈವೇ ಬದಿಗೆ ಅವರದೊಂದು ಗ್ಯಾರೇಜು. ತಗಡಿನ ಮಾಡು, ಕೆಂಪು ಕಲ್ಲು ಕಟ್ಟಿದ ಒಂದು ಗುಂಡಿ, ಅದರ ಮೇಲೆ ವಾಹನ ನಿಲ್ಲಿಸಿ ಕೆಳಗಿಳಿದು ಕೆಲಸ ಮಾಡುವುದು. ಜೊತೆಗೆ ಒಂದು ಹಳೆಯ ವ್ಯಾನು. ಬೆಳಿಗ್ಗೆ ಅಬ್ಬಿ ಮತ್ತು ಇನ್ನೂ ನಾಲ್ಕು ಮೀನು ಮಾರುವ ಹೆಂಗಸರನ್ನು ಬುಟ್ಟಿ ಸಮೇತ ಹಾಲಾಡಿಗೆ ಬಿಟ್ಟು ಬಂದು, ಆಮೇಲೆ ಗ್ಯಾರೇಜು ತೆಗೆಯುವುದು ಅವರ ದಿನಚರಿ.

ಆ ವ್ಯಾನಿನ ಕತೆಯೇ ನನ್ನ ಓದಿನ ಕತೆಯೂ ಹೌದು.

ಫೇಲಾದ ಮೇಲೆ ಎರಡು ವರ್ಷ ಬೈಂದೂರಿನ ಒಳಗಡೆ ದೊಡ್ಡಮ್ಮನ ಮನೆಯಲ್ಲಿದ್ದೆ. ಅವರು ರಬ್ಬರ್ ತೋಟವೊಂದರಲ್ಲಿ ಹಾಲಿನಿಂದ ಹಾಳೆ ಮಾಡುವ ಕೆಲಸಕ್ಕೆ ಹೋಗುತ್ತಿದ್ದರು, ನಾನೂ ಜೊತೆಗೆ. ಟ್ರೇಯಲ್ಲಿ ಹೆಪ್ಪುಗಟ್ಟಿದ ಬಿಳಿ ಗಟ್ಟಿಯನ್ನು ರೋಲರಿಗೆ ಕೊಟ್ಟು ತಿರುಗಿಸಿದರೆ ಆಚೆಯಿಂದ ಒದ್ದೆ ಹಾಳೆ ಬರುತ್ತದೆ. ತೋಳು ಬಿದ್ದುಹೋಗುವಷ್ಟು ತಿರುಗಿಸಬೇಕು. ದೊಡ್ಡಮ್ಮನದು ಅಲ್ಲಿ ಒಂದೇ ಕಟ್ಟುನಿಟ್ಟು: ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಹಾಳೆ ಮುಟ್ಟಬಾರದು. ಒಮ್ಮೆ ಮುಟ್ಟಿ, ನನ್ನ ಐದು ಬೆರಳ ಗುರುತು ಅಂಟು ಅಂಟಾಗಿ ಉಳಿದು, ಆ ಹಾಳೆ ಕಡಿಮೆ ದರ್ಜೆಗೆ ಹೋಯಿತು. ಅವತ್ತು ತಿಂದ ಬೈಗುಳ ಮರೆತಿಲ್ಲ. ಅದು ಮುಂದೆ ನನ್ನನ್ನು ದಡ ಮುಟ್ಟಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಗಣಿತ ಎರಡನೆಯ ಸಲಕ್ಕೆ ಪಾಸಾಯಿತು. ಡಿಪ್ಲೊಮಾ ಮೂರು ವರ್ಷ. ಆಮೇಲೆ ಬ್ರಹ್ಮಾವರದಲ್ಲಿ ಒಂದು ಬಿಡಿಭಾಗಗಳ ಅಂಗಡಿಯಲ್ಲಿ ಕೌಂಟರಿನ ಹಿಂದೆ ಎರಡು ವರ್ಷ. ಅಲ್ಲಿಯೇ ನಾನು ಬುಶ್ ಎಂಬ ವಸ್ತುವನ್ನು ಸರಿಯಾಗಿ ಕೈಯಲ್ಲಿ ಹಿಡಿದದ್ದು. ಕಾರಿನ ಮುಂದಿನ ಚಕ್ರವನ್ನು ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಹಿಡಿದು ನಿಲ್ಲಿಸುವ ಕಬ್ಬಿಣದ ತೋಳಿದೆ, ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಬರೀ ಆರ್ಮ್. ಚಕ್ರ ಗುಂಡಿಗೆ ಇಳಿದಾಗ ತೋಳೂ ಇಳಿಯಬೇಕು, ಏರಿದಾಗ ಏರಬೇಕು. ಆ ತೋಳು ಚಾಸಿಗೆ ಸೇರುವ ಕಡೆ ಕೂತಿರುತ್ತದೆ ಈ ಬುಶ್. ಹೊರಗೊಂದು ಕಬ್ಬಿಣದ ಕೊಳವೆ, ಒಳಗೊಂದು ಸಣ್ಣ ಕೊಳವೆ, ನಡುವೆ ರಬ್ಬರ್. ಅಷ್ಟೇ. ಮುಷ್ಟಿಯೊಳಗೆ ಅಡಗುತ್ತದೆ. ಮಾರುವ ವಸ್ತುಗಳಲ್ಲೆಲ್ಲ ಅಗ್ಗದ್ದು. ಗಿರಾಕಿಗಳು ಅದನ್ನು ಚಿಲ್ಲರೆ ಸಾಮಾನಿನ ಹಾಗೆ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು.

ಮೂರು ನಾಲ್ಕು ತಿಂಗಳಿಗೊಮ್ಮೆ ಮಾವನೂ ಬರುತ್ತಿದ್ದರು, ಅದೇ ವ್ಯಾನಿಗೆ, ಅದೇ ಬುಶ್‌ಗೆ. ಉಳಿದವರ ಕಾರುಗಳಲ್ಲಿ ವರ್ಷಗಟ್ಟಲೆ ಬರುವುದು ಇವರಿಗೇಕೆ ಬರುವುದಿಲ್ಲ ಎಂದು ಕೇಳಿದೆ. ಮಂಜುಗಡ್ಡೆ ಕರಗಿ ಬುಟ್ಟಿಯಿಂದ ಸೋರುವ ಉಪ್ಪು ನೀರನ್ನು ದೂರಿದರು. ಮೀನಿನ ವ್ಯಾನಿಗೆ ಅದು ತಪ್ಪಿದ್ದಲ್ಲ ಎಂದರು. ನಾನೂ ನಂಬಿದೆ. ಸಮುದ್ರದ ಬದಿಯಲ್ಲಿ ಹುಟ್ಟಿದವರು ಯಾವುದೇ ವಸ್ತು ಹಾಳಾದರೂ ಮೊದಲು ದೂರುವುದು ಉಪ್ಪನ್ನೇ.

ಮಾವನ ಒಂದು ಚಾಳಿಯ ಬಗ್ಗೆ ಇಲ್ಲಿಯೇ ಹೇಳಿಬಿಡಬೇಕು. ಹೊಸ ಬುಶ್ ಹಾಕಿದ ದಿನ ಅವರು ಬೋಲ್ಟನ್ನು ಪೂರ್ತಿ ಬಿಗಿಯುತ್ತಿರಲಿಲ್ಲ. ಕೈಯಲ್ಲಿ ತಿರುಗಿಸಿ ಬಿಟ್ಟು, ಬೆಳಿಗ್ಗೆ ಹೆಂಗಸರು ಬುಟ್ಟಿ ತುಂಬಿಸಿಕೊಂಡು ಬಂದ ಮೇಲೆ ಎಲ್ಲರನ್ನೂ ವ್ಯಾನಿಗೆ ಹತ್ತಿಸಿ ಕೂರಿಸಿ, ಆಮೇಲೆ ಗುಂಡಿಗಿಳಿದು ಬಿಗಿಯುವುದು. ಮೇಲೆ ಹೆಂಗಸರ ಬಾಯಿ ಸುಮ್ಮನಿರುತ್ತದೆಯೇ? ಒಬ್ಬರು ಕಿಟಕಿಯಿಂದ ತಲೆ ಹಾಕಿ ಕೂಗುವರು: "ಹ್ವಾಯ್, ನೀವ್ ಬಿಗಿಯೂದ್ರೊಳ್ಗೆ ನಮ್ ಬಂಗಡಿ ಹಾಲಾಡಿಗ್ ನಡ್ಕಂಡೇ ಹೋತ್ತ್." ಮಾವ ಕೆಳಗಿನಿಂದಲೇ ಏನೋ ಜವಾಬು ಕೊಡುವರು. ಇದನ್ನು ನಾನು ಚಿಕ್ಕಂದಿನಿಂದ ಕಂಡವಳು. ಅವರ ಮಾತು ಕೇಳಲಿಕ್ಕಾಗಿಯೇ ಮಾವ ಹೀಗೆ ಮಾಡುತ್ತಾರೆ ಎಂದುಕೊಂಡಿದ್ದೆ.

ಡಿಪ್ಲೊಮಾದ ಮೇಲೆ ನೇರವಾಗಿ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳುವ ವ್ಯವಸ್ಥೆ ಇದೆ ಎಂದು ಗೊತ್ತಾಗಿ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದಾಗ ನನಗೆ ಇಪ್ಪತ್ತಮೂರು. ಮೆಕ್ಯಾನಿಕಲ್ ಕ್ಲಾಸಿನಲ್ಲಿ ನಾವು ಇಬ್ಬರೇ ಹುಡುಗಿಯರು, ಇನ್ನೊಬ್ಬಳಿಗಿಂತ ನಾನು ನಾಲ್ಕು ವರ್ಷ ದೊಡ್ಡವಳು. ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಮನೆಗೆ ಸಂಬಂಧಗಳು ಬರತೊಡಗಿದ್ದವು. ಬೈಂದೂರು ಕಡೆಯ ಒಂದು ಕುಟುಂಬ ಮೂರು ಸಲ ಬಂದು ಹೋಯಿತು. ಅಬ್ಬಿ ಪ್ರತಿ ಸಲ ಹೇಳಿದ್ದು ಒಂದೇ ಮಾತು, "ಈ ವರ್ಷ ಒಂದ್ ಮುಗಿಲಿ." ಮನೆಯ ಹಿರಿಯರೆಲ್ಲ ಒಪ್ಪಿದ್ದೂ ಅಷ್ಟಕ್ಕೇ. ಈ ವರ್ಷ ಮುಗಿದರೆ ಸರಿ, ಯಾವುದಾದರೂ ಹಿಂದೆ ಬಿದ್ದರೆ ಓದು ಅಲ್ಲಿಗೇ ನಿಲ್ಲಬೇಕು. ಇನ್ನೊಂದು ವರ್ಷ ಕೇಳುವ ಬಾಯಿ ನನಗಿರಲಿಲ್ಲ.

ಆ ವರ್ಷದ ಮುಖ್ಯ ಕೆಲಸ ಪ್ರಾಜೆಕ್ಟು. ಉಳಿದವರು ಕಂಪ್ಯೂಟರಿನಲ್ಲಿ ಚಂದದ ಚಿತ್ರ ಬರೆಯುವ ವಿಷಯ ಆರಿಸಿಕೊಂಡರು. ನಾನು ನಮ್ಮ ವ್ಯಾನಿನ ಬುಶ್ ಏಕೆ ನಾಲ್ಕು ತಿಂಗಳಿಗೆ ಸಾಯುತ್ತದೆ ಎಂದು ಕಂಡುಹಿಡಿಯುತ್ತೇನೆ, ಅದನ್ನು ಬಾಳಿಸಿ ತೋರಿಸುತ್ತೇನೆ ಎಂದೆ. ಗೈಡ್ ಆಗಿದ್ದ ಸರ್ ಕನ್ನಡಕದ ಮೇಲಿನಿಂದ ನೋಡಿದರು. ಕಾರಣ ಹೇಳಿದರೆ ಸಾಲದು, ಬಾಳಿಸಿ ತೋರಿಸುತ್ತೇನೆ ಅಂದ ಮೇಲೆ ತೋರಿಸಲೇಬೇಕು ಎಂದು ಎಚ್ಚರಿಸಿ ಸಹಿ ಮಾಡಿದರು. ಮನೆಗೆ ಬಂದು ಹೇಳಿದಾಗ ಮಾವ ನಕ್ಕರು. ಅವರ ಎರಡನೆಯ 'ಆತಿಲ್ಲೆ' ಬಂದದ್ದು ಆಗ.

"ಉಪ್ಪ್ ನೀರ್ ಕುಡ್ದ್ ರಬ್ಬರ್ ಎಷ್ಟ್ ದಿನ ಉಳಿತ್ತ್? ನಿನ್ ಪುಸ್ತಕ ಓದಿ ಅದ್ ಬದ್ಕತ್ತಿಲ್ಲೆ."

ಸತ್ತ ಬುಶ್‌ಗಳನ್ನು ಮಾವ ಒಂದು ಡಬ್ಬದಲ್ಲಿ ಹಾಕಿಡುತ್ತಿದ್ದರು. ನಾನು ಡಬ್ಬ ಸುರಿದು ಒಂದೊಂದನ್ನೇ ಒರೆಸುತ್ತಾ ಕೂತೆ. ರಬ್ಬರ್ ಉಬ್ಬಿತ್ತು, ಮೆತ್ತಗಾಗಿತ್ತು, ಬೆರಳಿಗೆ ಅಂಟುತ್ತಿತ್ತು. ಆ ಅಂಟು ನನಗೆ ಗುರುತಿನದು. ಬೈಂದೂರಿನ ಹಾಳೆಯ ಮೇಲೆ ನನ್ನ ಐದು ಬೆರಳು ಬಿಟ್ಟ ಅದೇ ಅಂಟು. ಮೂಗಿಗೆ ಹಿಡಿದೆ. ಮೀನೆಣ್ಣೆ.

ನಮ್ಮ ಅಜ್ಜ, ಮಾವನ ಅಪ್ಪ, ಮರದ ದೋಣಿ ಇಟ್ಟವರು. ಮಳೆಗಾಲಕ್ಕೆ ಮುಂಚೆ ದೋಣಿಯನ್ನು ದಡಕ್ಕೆಳೆದು ಬೈಗೆ, ಅಂದರೆ ಬೂತಾಯಿ ಮೀನಿನ ಎಣ್ಣೆ ಬಳಿಯುವುದು ನಮ್ಮಲ್ಲಿ ಮನೆಗೆ ಸುಣ್ಣ ಹೊಡೆದಷ್ಟೇ ಸಹಜ. ಎಣ್ಣೆ ಕುಡಿದ ಮರಕ್ಕೆ ಹುಳ ಇಲ್ಲ, ನೀರಿಲ್ಲ. ಮಾವ ದೋಣಿ ಬಿಟ್ಟು ಗ್ಯಾರೇಜಿಗೆ ಬಂದರೂ ಎಣ್ಣೆಯ ಡಬ್ಬ ಬಿಟ್ಟು ಬಂದಿರಲಿಲ್ಲ. ವ್ಯಾನಿನ ತಳಕ್ಕೆ ತುಕ್ಕು ಹಿಡಿಯದಿರಲಿ ಎಂದು ಬಳಿಯುವಾಗ ಬುಶ್‌ಗಳಿಗೆ ಎರಡು ಕೈ ಹೆಚ್ಚೇ ಬಳಿಯುತ್ತಿದ್ದರು, ಕೀಲಿಗೆ ಎಣ್ಣೆ ಬಿಟ್ಟ ಹಾಗೆ. ಆದರೆ ಬುಶ್ ಕೀಲಲ್ಲ. ಅದರಲ್ಲಿ ಯಾವುದೂ ಯಾವುದರ ಮೇಲೂ ಜಾರುವುದಿಲ್ಲ. ಒಳಗಿನ ಕೊಳವೆ ಬೋಲ್ಟಿನ ಬಿಗಿತಕ್ಕೆ ಚಾಸಿಗೆ ಕಚ್ಚಿ ನಿಂತಿರುತ್ತದೆ, ಹೊರಗಿನದು ತೋಳಿನ ಜೊತೆ ಅಲುಗುತ್ತದೆ, ನಡುವಿನ ರಬ್ಬರ್ ತಾನೇ ತಿರುಚಿಕೊಂಡು ತಾನೇ ಬಿಚ್ಚಿಕೊಳ್ಳುತ್ತದೆ. ಹಾಲಾಡಿಗೆ ಹೋಗಿ ಬರುವುದರೊಳಗೆ ಎಷ್ಟು ಸಾವಿರ ಸಲವೋ. ಜಾರುವುದೇ ಇಲ್ಲದ ಕಡೆ ಎಣ್ಣೆಗೆ ಏನು ಕೆಲಸ?

ಹೀಗೆಂದು ಬಾಯಲ್ಲಿ ಹೇಳಿದರೆ ಮಾವ ಒಪ್ಪುವವರಲ್ಲ, ಕಾಲೇಜೂ ಒಪ್ಪುವುದಿಲ್ಲ. ಮೂರು ಉಪ್ಪಿನಕಾಯಿ ಬಾಟಲಿ ತೊಳೆದು ಮೂರರಲ್ಲೂ ಹೊಸ ಬುಶ್ ಹಾಕಿದೆ. ಒಂದಕ್ಕೆ ಬಾವಿ ನೀರು, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ಮಾವನ ಡಬ್ಬದ ಎಣ್ಣೆ. ಅಡುಗೆಮನೆಯ ಮಾಡದಲ್ಲಿ ಎರಡು ತಿಂಗಳು ಇಟ್ಟೆ. ಮುಚ್ಚಳ ತೆಗೆದಾಗಲೆಲ್ಲ ಅಬ್ಬಿ ಸೆರಗು ಮೂಗಿಗೆ ಹಿಡಿಯುತ್ತಿದ್ದರು. ಮೀನು ಮಾರುವ ನನಗೇ ವಾಸನೆ ತಡೆಯುವುದಿಲ್ಲ, ನಿನ್ನ ಕಾಲೇಜಿನವರು ಹೇಗೆ ತಡೆದಾರು ಎನ್ನುವರು.

ಎರಡು ತಿಂಗಳ ಮೇಲೆ ಎಣ್ಣೆಯ ಬುಶ್ ಹಬೆಗೆ ಉಬ್ಬಿದ ಇಡ್ಲಿಯ ಹಾಗೆ ಕೊಳವೆಯಿಂದ ಹೊರಗೆ ಬಂದಿತ್ತು, ಉಗುರು ಊರಿದರೆ ಇಳಿಯುತ್ತಿತ್ತು. ಸಮುದ್ರದ ನೀರಿನದಕ್ಕೆ ಹೊರಗೆ ಕೆಂಪು ತುಕ್ಕು, ಒಳಗೆ ರಬ್ಬರ್ ಮಾತ್ರ ಬಾವಿ ನೀರಿನದರಂತೆಯೇ ಹೊಸದರ ಹಾಗಿತ್ತು. ಮೂರನ್ನೂ ಕಾಲೇಜಿನ ಲ್ಯಾಬಿಗೆ ಒಯ್ದೆ. ಅಲ್ಲಿ ವಸ್ತುಗಳನ್ನು ಹಿಡಿದು ಎಳೆದು ಅವುಗಳ ಬಲ ನೋಡುವ ದೊಡ್ಡ ಯಂತ್ರವಿತ್ತು. ಬುಶ್ ಕೂರಿಸಲು ಕಬ್ಬಿಣದ ಪಟ್ಟಿಯಲ್ಲಿ ಒಂದು ಹಿಡಿಕೆ ನಾನೇ ಬೆಸುಗೆ ಹಾಕಿದ್ದೆ. ಎಣ್ಣೆಯದು ಸದ್ದಿಲ್ಲದೆ ಜಾರಿ ಬಂದುಬಿಟ್ಟಿತು. ಉಪ್ಪು ನೀರಿನದನ್ನು ಎಳೆಯತೊಡಗಿದೆವು. ಮುಳ್ಳು ಏರುತ್ತಾ ಹೋಯಿತು. ರಬ್ಬರ್ ಒಂದಿಷ್ಟು ಹಿಗ್ಗಿತು, ನಿಂತಿತು. ಇನ್ನೂ ಎಳೆದೆವು. ಠಣ್ ಎಂದು ಸದ್ದಾಯಿತು. ಲ್ಯಾಬಿನ ಅಣ್ಣ ಯಂತ್ರ ನಿಲ್ಲಿಸಿ ಬಗ್ಗಿ ನೋಡಿ, ಹೋದದ್ದು ರಬ್ಬರ್ ಅಲ್ಲ, ನಿಮ್ಮ ಕಬ್ಬಿಣ ಎಂದರು. ನನ್ನ ಹಿಡಿಕೆ ಬಾಳೆಯ ಸಿಪ್ಪೆಯ ಹಾಗೆ ಬಾಗಿತ್ತು. ಬುಶ್ ಒಳಗೆ ತಣ್ಣಗೆ ಕೂತಿತ್ತು. ನಾನು ಹಾಲಿನಿಂದ ಹಾಳೆ ಮಾಡಿದವಳು, ಕೌಂಟರಿನಲ್ಲಿ ಅದನ್ನು ನೂರಾರು ಸಲ ಕೈ ಬದಲಿಸಿದವಳು. ಅದರ ಬಲ ಇಷ್ಟು ಎಂದು ನನಗೆ ಅಂದಾಜೇ ಇರಲಿಲ್ಲ. ಬಾಗಿದ ಹಿಡಿಕೆಯನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸಿನಲ್ಲಿ ಬ್ರಹ್ಮಾವರ ದಾಟುವವರೆಗೂ ಮತ್ತೆ ಮತ್ತೆ ತೆಗೆದು ನೋಡಿದೆ.

ಮಾವನಿಗೆ ತೋರಿಸಿದಾಗ ಮುಖ ಸಣ್ಣದಾಯಿತು. ಎಣ್ಣೆ ಅವರಿಗೆ ಅವರ ಅಪ್ಪನ ಕೈ. ಎರಡು ದಿನ ನಾನಿದ್ದ ಕಡೆ ಸುಳಿಯಲಿಲ್ಲ. ಮೂರನೆಯ ದಿನ ತಾವಾಗಿಯೇ ಬಂದರು.

"ಅಪ್ಪಯ್ಯ ಎಣ್ಣಿ ಹಚ್ಚಿದ್ ದೋಣಿ ಮೂವತ್ತ್ ವರ್ಷ ನಿಂತಿತ್ತ್."

"ದೋಣಿ ಮರದ್ದ್ ಮಾವ. ಇದ್ ರಬ್ಬರ್."

"ಸರಿ. ನಿನ್ ಕೈಯಾರೆ ಹಾಕ್. ಎಣ್ಣಿ ಬ್ಯಾಡ. ಶಿವರಾತ್ರಿ ಕಳಿಲಿ, ಕಾಂಬ."

ಹಾಕಿದೆ. ಅವರು ಕುಂದಾಪುರಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ವ್ಯಾನನ್ನು ಜಾಕಿನ ಮೇಲೆತ್ತಿ, ಎರಡೂ ಕಡೆಯ ತೋಳು ಬಿಚ್ಚಿ, ಹಳೆಯದನ್ನು ಕಳಚಿ ಹೊಸದನ್ನು ಕೂರಿಸಿ, ಬೋಲ್ಟುಗಳನ್ನು ಅಲ್ಲಿಯೇ ಪೂರ್ತಿ ಬಿಗಿದು ಇಳಿಸಿದೆ. ಬೆಳಿಗ್ಗೆವರೆಗೆ ಕಾದು, ಹೆಂಗಸರನ್ನು ಹತ್ತಿಸಿ, ಗುಂಡಿಗಿಳಿದು ಬಿಗಿಯುವ ಮಾವನ ಸರ್ಕಸ್ಸು ನನಗೆ ಬೇಡವಾಗಿತ್ತು. ನಾನು ಓದಿದವಳು. ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆನೆಂಬ ಹೆಮ್ಮೆ ಬೇರೆ.

ಶಿವರಾತ್ರಿಗೆ ಇನ್ನೂ ಎರಡು ವಾರವಿತ್ತು. ಮುಂದಿನ ಚಕ್ರದ ಪಕ್ಕ ಕೂರುವುದು ಅಬ್ಬಿಯ ಜಾಗ, ಮೊದಲು ಸದ್ದು ಕೇಳಿದ್ದೂ ಅವರೇ. ಗುಂಡಿಗೆ ಇಳಿದಾಗೊಮ್ಮೆ ಟಕ್ ಅನ್ನುತ್ತದೆ ಎಂದು ನನಗೆ ಹೇಳಲು ಅವರಿಗೆ ಮನಸ್ಸೇ ಬರಲಿಲ್ಲ, ಮೂರು ದಿನ ಮುಚ್ಚಿಟ್ಟರು. ಬಿಚ್ಚಿ ನೋಡಿದರೆ ಎರಡೂ ಬುಶ್ ಹರಿದಿದ್ದವು. ಎಣ್ಣೆಯ ಹನಿಯೂ ಇಲ್ಲ, ಉಬ್ಬಿಲ್ಲ, ಅಂಟಿಲ್ಲ, ಆದರೂ ಹರಿದಿದ್ದವು.

ಸರ್‌ಗೆ ಹೇಳಿದೆ. ಅವರು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಎಣ್ಣೆಯ ಭಾಗ ಚೆನ್ನಾಗಿದೆ, ಆದರೆ ಬಾಳಿಸುತ್ತೇನೆ ಅಂದದ್ದು ಬಾಳದಿದ್ದರೆ ಪ್ರಾಜೆಕ್ಟು ಅರ್ಧವೇ, ಮುಂದಿನ ವರ್ಷ ಪೂರ್ಣ ಮಾಡಿ ಕೊಡಬೇಕಾದೀತು ಎಂದರು. ನನಗೆ ಮುಂದಿನ ವರ್ಷ ಎಂಬುದು ಇರಲಿಲ್ಲ. ಅವತ್ತು ಬಸ್ಸು ಕೋಟೇಶ್ವರದಲ್ಲಿ ನಿಂತಾಗ ಎಲ್ಲರೂ ಇಳಿದ ಮೇಲೆ ಕೊನೆಯವಳಾಗಿ ಇಳಿದೆ. ಮಾವ ನಗುತ್ತಾರೆ ಎಂಬ ಹೆದರಿಕೆ.

ಮಾವ ನಗಲಿಲ್ಲ. ಗ್ಯಾರೇಜಿನ ಬೆಂಚಿನ ಮೇಲೆ ಕೂತು, ಹರಿದ ಬುಶ್ ಒಂದನ್ನು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡುತ್ತಿದ್ದರು. ನನ್ನನ್ನು ಪಕ್ಕಕ್ಕೆ ಕರೆದರು.

"ಕಾಣ್. ಇದ್ ಸವ್ದದ್ದಲ್ಲ, ಹಿಂಡ್ದದ್. ಚಂಡಿ ಬಟ್ಟಿ ಹಿಂಡ್ದಾಂಗ್ ಇತ್ತ್, ಒಂದೇ ಬದಿಗೆ." ಬುಶ್ಶನ್ನು ನನ್ನ ಕೈಗಿಟ್ಟು ಕೇಳಿದರು, "ನೀ ಎಲ್ಲಿ ಬಿಗ್ದದ್? ಜಾಕ್ ಮೇಲಾ?"

ನಾನು ಹೌದೆಂದೆ. ಹೇಳುತ್ತಿದ್ದ ಹಾಗೆಯೇ ನನಗೆ ಹೊಳೆಯಿತು, ಹೊಳೆದದ್ದೇ ನಾಚಿಕೆಯಾಯಿತು. ಜಾಕಿನ ಮೇಲೆ ಚಕ್ರ ನೇತಾಡುತ್ತಿರುತ್ತದೆ, ತೋಳು ಕೆಳಗೆ ಬಾಗಿರುತ್ತದೆ. ಆ ಸ್ಥಿತಿಯಲ್ಲಿ ಬಿಗಿದರೆ ರಬ್ಬರ್‌ಗೆ ಅದೇ ವಿಶ್ರಾಂತಿಯ ಜಾಗ. ವ್ಯಾನು ಇಳಿದು ಐದು ಹೆಂಗಸರೂ ಐದು ಬುಟ್ಟಿಯೂ ಹತ್ತಿದ ಮೇಲೆ ತೋಳು ಮೇಲೇರುತ್ತದೆ, ರಬ್ಬರ್ ಅಲ್ಲಿಯೇ ಪೂರ್ತಿ ತಿರುಚಿಕೊಳ್ಳುತ್ತದೆ, ರಸ್ತೆಯ ಗುಂಡಿಗಳು ಶುರುವಾಗುವ ಮೊದಲೇ. ದಿನವಿಡೀ ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದ ಹಾಗೆ. ಭಾರ ಹೊತ್ತು ನಿಲ್ಲುವ ಸ್ಥಿತಿಯಲ್ಲೇ ಬಿಗಿದರೆ ರಬ್ಬರ್ ಅಲ್ಲಿ ನೆಟ್ಟಗೆ ಇರುತ್ತದೆ, ಆಚೆ ಈಚೆ ಸ್ವಲ್ಪ ಸ್ವಲ್ಪ ತಿರುಗಿದರೆ ಸಾಕು. ಮಾವ ಇಷ್ಟು ವರ್ಷ ಹೆಂಗಸರನ್ನು ಹತ್ತಿಸಿ ಬಿಗಿದದ್ದು ಅದಕ್ಕೆ. ನಾನು ಸರ್ಕಸ್ಸು ಅಂದುಕೊಂಡದ್ದು ಅದನ್ನು.

ನಿಮಗೆ ಇದನ್ನು ಹೇಳಿಕೊಟ್ಟವರು ಯಾರು ಎಂದು ಕೇಳಿದೆ. ಯಾರೂ ಇಲ್ಲವಂತೆ. ಗಾಡಿ ದಿನಾ ಹೇಗೆ ನಿಲ್ಲುತ್ತದೋ ಹಾಗೆ ನಿಲ್ಲಿಸಿ ಬಿಗಿಯಬೇಕು ಎಂದು ಕೈಗೆ ಅನ್ನಿಸಿತ್ತಂತೆ. ಇಷ್ಟು ತಿಳಿದ ಕೈ ಬಿಗಿಯುವುದರಲ್ಲಿ ಸರಿಯಿತ್ತು, ಎಣ್ಣೆಯಲ್ಲಿ ತಪ್ಪಿತ್ತು. ನಾನು ಎಣ್ಣೆಯಲ್ಲಿ ಸರಿಯಿದ್ದೆ, ಬಿಗಿಯುವುದರಲ್ಲಿ ತಪ್ಪಿದೆ. ಇಬ್ಬರೂ ತಂತಮ್ಮ ತಪ್ಪಿನಿಂದ ಆ ಬಡ ಬುಶ್‌ನ ಜೀವ ತೆಗೆದು ಉಪ್ಪಿನ ಮೇಲೆ ಹಾಕುತ್ತಿದ್ದೆವು.

ಮರುದಿನವೇ ಹೊಸ ಜೋಡಿ ಕೂರಿಸಿದೆವು. ಬೆಳಿಗ್ಗೆ ಹೆಂಗಸರು ಹತ್ತಿದ ಮೇಲೆ ಮಾವ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು. ಗುಂಡಿಗೆ ನಾನೇ ಇಳಿದೆ. ಮೇಲಿನಿಂದ ಮಂಜುಗಡ್ಡೆಯ ನೀರು ಕುತ್ತಿಗೆಗೆ ತೊಟ್ಟಿಕ್ಕುತ್ತಿತ್ತು. "ಇವತ್ತ್ ಇಂಜಿನಿಯರ್ರೇ ಕೆಳ್ಗ್ ಇಳ್ದಿರ್, ಎಲ್ಲ ಗಟ್ಟಿ ಕೂಕಣಿ," ಎಂದು ಯಾರೋ ಅಂದರು, ಉಳಿದವರು ನಕ್ಕು ವ್ಯಾನು ಅಲುಗಿತು. ಅಲುಗಾಟ ನಿಲ್ಲುವವರೆಗೆ ಕಾದು ಬಿಗಿದೆ.

ಮೇ ತಿಂಗಳಲ್ಲಿ ಪ್ರಾಜೆಕ್ಟಿನ ಕೊನೆಯ ಪರೀಕ್ಷೆ. ಹಿಂದಿನ ದಿನ ಎಡಗಡೆಯ ಬುಶ್ ಕಳಚಿ ಅಡ್ಡಕ್ಕೆ ಸೀಳಿದೆವು, ಬಲಗಡೆಯದನ್ನು ವ್ಯಾನಿನಲ್ಲೇ ಬಿಟ್ಟೆವು. ಸೀಳಿದ ರಬ್ಬರ್ ಕಪ್ಪಗೆ, ನಯವಾಗಿ, ಒಂದು ಗೀರೂ ಇಲ್ಲದೆ ಇತ್ತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಅದನ್ನು ಬೆರಳಿನಿಂದ ಒತ್ತಿ ನೋಡಿದರು, ಹರಿದ ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿದರು, ಬಾಗಿದ ಹಿಡಿಕೆಯನ್ನೂ ನೋಡಿದರು. ಬಿಗಿಯುವಾಗ ವಾಹನದ ಮೇಲೆ ಎಷ್ಟು ಭಾರ ಇಟ್ಟಿದ್ದೆ ಎಂದು ಕೇಳಿದರು. ಐದು ಹೆಂಗಸರು, ಐದು ತುಂಬಿದ ಬುಟ್ಟಿ ಸರ್ ಎಂದೆ. ಅವರು ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ, ಈ ವಿಧಾನ ಯಾರದು ಎಂದರು. ಸೋದರಮಾವನದು ಎಂದೆ. ವರದಿಯಲ್ಲಿ ಅದನ್ನು ಬರೆದಿದ್ದೀರಾ ಎಂದು ಕೇಳಿದರು. ಪುಟ ತೆರೆದು ತೋರಿಸಿದೆ. ತಲೆಯಾಡಿಸಿ ಅಂಕಪಟ್ಟಿ ಎಳೆದುಕೊಂಡರು.

ಪಾಸಾದೆ. ಪದವಿಯ ಪ್ರಮಾಣಪತ್ರ ಕೈಗೆ ಬರಲು ಮಾತ್ರ ವರ್ಷದ ಮೇಲಾಯಿತು. ಅಷ್ಟರಲ್ಲಿ ಬಲಗಡೆಯ ಬುಶ್ ಎರಡನೆಯ ಮಳೆಗಾಲವನ್ನೂ ದಾಟುತ್ತಾ ಬಂದಿತ್ತು, ಸೀಳಿದ್ದರ ಬದಲಿಗೆ ಎಡಗಡೆ ಹಾಕಿದ ಹೊಸದೂ ಸುಮ್ಮನೆ ದುಡಿಯುತ್ತಿತ್ತು. ಮಾವನ ಎಣ್ಣೆಯ ಡಬ್ಬ ಗ್ಯಾರೇಜಿನಲ್ಲಿ ಆಗಲೂ ಇತ್ತು, ಆದರೆ ಬುಶ್‌ಗಳಿಗೆ ಮೊದಲು ಪ್ಲಾಸ್ಟಿಕ್ ಸುತ್ತಿ ಕಟ್ಟಿ, ಆಮೇಲೆ ತಳಕ್ಕೆ ಬಳಿಯುತ್ತಿದ್ದರು. ಬೇರೆ ಗ್ಯಾರೇಜಿನವರು ಬಂದು ಕೇಳಿದರೆ, ಜಾಕಿನ ಮೇಲೆ ಬಿಗಿಯಬೇಡಿ ಎಂದು ನನ್ನ ವರದಿಯ ಮಾತನ್ನೇ ಅವರಿಗೆ ಹೇಳುವರು. ಅದು ತಮ್ಮದೇ ಮಾತು ಎಂಬುದು ಮಾವನಿಗೆ ಮರೆತೇ ಹೋಗಿತ್ತು.

ಪ್ರಮಾಣಪತ್ರ ತರಲು ಹೋದ ದಿನ ಅಬ್ಬಿಯೂ ಮಾವನೂ ಹಾಲಾಡಿಯಿಂದ ಸೀದಾ ಕಾಲೇಜಿಗೆ ಬಂದಿದ್ದರು. ವ್ಯಾನನ್ನು ಗೇಟಿನ ಹೊರಗೆ ನಿಲ್ಲಿಸಿದ್ದರು, ಮೀನಿನ ವಾಸನೆ ಒಳಗೆ ಬೇಡ ಎಂದು. ನಾನು ಆಫೀಸಿನಲ್ಲಿ ಸಹಿ ಹಾಕಿ, ಗಟ್ಟಿ ಕಾಗದದ ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಗೇಟಿನವರೆಗೆ ನಡೆದು ಬಂದೆ. ಅಬ್ಬಿ ಕಾಲೇಜಿನ ನಲ್ಲಿಯಲ್ಲಿ ಮೊಣಕೈವರೆಗೆ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ನಿಂತಿದ್ದರು. ಮಾವ ವ್ಯಾನಿನ ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಏನೋ ನೋಡುತ್ತಿದ್ದವರು ನನ್ನನ್ನು ಕಂಡು ಎದ್ದರು. ಆತಿಲ್ಲೆ ಎಂದವರು ಅವರು, ಮೊದಲು ಅವರ ಕೈಗೇ ಕೊಡಬೇಕು ಎಂದು ಹನ್ನೊಂದು ವರ್ಷದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಚಾಚಿದೆ.

ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಹಾಳೆಯ ಮೇಲೆ ಬಗ್ಗಿ, ತುಟಿ ಅಲುಗಿಸುತ್ತಾ ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದರು. ಆಮೇಲೆ ಹೇಳಿದರು.

"ನಂದ್ ಎಣ್ಣಿ ಕೈ ಮಗಾ, ಹಾಳಾತ್ತ್. ನಿನ್ ಅಬ್ಬಿ ಕೈಗ್ ಕೊಡ್."